ಟಿಕ್ ಹಾಕಲು ಜಾಗವಿಲ್ಲದ ದಣಿವು

ಆರು ಪ್ರಶ್ನೆ, ಪ್ರತಿಯೊಂದರ ಮುಂದೆ ಐದು ಚೌಕ. ‘ಎಂದೂ ಇಲ್ಲ’ದಿಂದ ‘ತುಂಬಾ ಸಲ’ದವರೆಗೆ ಎಲ್ಲಾದರೂ ಒಂದು ಕಡೆ ಟಿಕ್ ಹಾಕಬೇಕು. ಕೆಲವು ಚೌಕಗಳಿಗೆ ಬೂದು ಬಣ್ಣವಿದೆ. ಆ ಬೂದು ಚೌಕಗಳಲ್ಲಿ ನಾಲ್ಕು ಟಿಕ್ ಬಿದ್ದರೆ ವಯಸ್ಕರ ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆಯ ತೊಂದರೆ) ಇರುವ ಸಾಧ್ಯತೆ ಉಂಟು, ವಿಚಾರಿಸಿ ನೋಡುವುದು ಒಳ್ಳೆಯದು ಎನ್ನುತ್ತದೆ ಹಾಳೆ. ಎರಡು ನಿಮಿಷದ ಕೆಲಸ. ಎಎಸ್‌ಆರ್‌ಎಸ್ ಎಂಬ ಈ ಪ್ರಶ್ನಾವಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ಹಾರ್ವರ್ಡ್‌ನ ರೊನಾಲ್ಡ್ ಕೆಸ್ಲರ್, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಲೆನರ್ಡ್ ಆಡ್ಲರ್ ಮೊದಲಾದವರು ಸಿದ್ಧಪಡಿಸಿ 2005ರಲ್ಲಿ ಪ್ರಕಟಿಸಿದರು. ಪೂರ್ಣ ಪಟ್ಟಿಯಲ್ಲಿ 18 ಪ್ರಶ್ನೆಗಳಿದ್ದರೂ ಹೆಚ್ಚು ಓಡಾಡಿದ್ದು ಮೊದಲ ಆರೇ.

ಮನೋವೈದ್ಯರ ಮೇಜಿನ ಮೇಲಿದ್ದ ಹಾಳೆ ಈಗ ಎಲ್ಲರ ಮೊಬೈಲಿಗೆ ಬಂದಿದೆ. ಅದನ್ನು ತುಂಬುವವರಲ್ಲಿ ಹೊರಗಿನವರ ಕಣ್ಣಿಗೆ ಯಾವ ತೊಂದರೆಯೂ ಇಲ್ಲದವರೂ ಇದ್ದಾರೆ. ಒಳ್ಳೆಯ ಸಂಬಳ, ತಪ್ಪದೆ ಕಟ್ಟುವ ಇಎಂಐ, ಆಫೀಸಿನಲ್ಲಿ ಒಳ್ಳೆಯ ಹೆಸರು. ಒಳಗೆ ಮಾತ್ರ ಸದಾ ಗಡಿಬಿಡಿ, ಆತಂಕ, ಮುಗಿಯದ ಯೋಚನೆ. ಇಂಥವರ ವಿಷಯದಲ್ಲಿ ಈ ಹಾಳೆ ಎಷ್ಟು ನಂಬಿಕೆಗೆ ಅರ್ಹ? ಬಾಗಿಲು ತೆರೆಯುವ ಮಟ್ಟಿಗೆ ಅದು ಚೆನ್ನಾಗಿದೆ, ತೀರ್ಪು ಕೊಡಲು ಕೂತರೆ ಎಡವುತ್ತದೆ. ಎಡವುವುದೂ ಒಂದೇ ಜಾಗದಲ್ಲಲ್ಲ.

ಸಲ್ಲಬೇಕಾದ ಮೆಚ್ಚುಗೆ ಮೊದಲು ಸಲ್ಲಲಿ. 1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಈ ಬಗೆಯ ವರ್ತನೆಯ ಕುರಿತು ಉಪನ್ಯಾಸ ಕೊಟ್ಟಾಗ ಅವರ ಕಣ್ಣ ಮುಂದಿದ್ದದ್ದು ಮಕ್ಕಳು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ 1968ರಲ್ಲಿ ಇದನ್ನು ಬಾಲ್ಯದ ತೊಂದರೆ ಎಂದೇ ಪಟ್ಟಿಮಾಡಿ, ಹದಿಹರೆಯದಲ್ಲಿ ಸಾಮಾನ್ಯವಾಗಿ ತಗ್ಗುತ್ತದೆ ಎಂದಿತು. 1994ರ ಆವೃತ್ತಿಗಾಗಿ ಲಕ್ಷಣಗಳನ್ನು ಒರೆಗೆ ಹಚ್ಚಿದ್ದೂ 4ರಿಂದ 17 ವರ್ಷದವರ ಮೇಲೆ, ಅದರಲ್ಲೂ ಹೆಚ್ಚಿನವರು ಗಂಡುಹುಡುಗರು. ತರಗತಿಯಲ್ಲಿ ಜಾಗ ಬಿಟ್ಟು ಏಳುವುದು, ಸಿಕ್ಕಸಿಕ್ಕಲ್ಲಿ ಓಡುವುದು, ಹತ್ತುವುದು ಇವನ್ನೆಲ್ಲ ನಲವತ್ತು ದಾಟಿದ ಬ್ಯಾಂಕ್ ಮ್ಯಾನೇಜರಲ್ಲಿ ಹುಡುಕುವುದು ಹೇಗೆ? ಆ ಲಕ್ಷಣಗಳನ್ನು ದುಡಿಯುವ ಮನುಷ್ಯನ ದಿನಚರಿಗೆ ಹೊಂದಿಸಿ ಕೇಳಿದ್ದು ಎಎಸ್‌ಆರ್‌ಎಸ್‌ನ ಸಾಧನೆ.

ಮೊದಲ ಪ್ರಶ್ನೆಯನ್ನೇ ನೋಡಿ. ಕೆಲಸ ಮಾಡಲು ಬರುತ್ತದೆಯೇ ಎಂದು ಅದು ಕೇಳುವುದಿಲ್ಲ. ಕಷ್ಟದ ಭಾಗವೆಲ್ಲ ಮುಗಿದ ಮೇಲೆ ಉಳಿದ ಚಿಲ್ಲರೆ ಕೆಲಸ ಮುಗಿಸಲು ಒದ್ದಾಡುತ್ತೀರಾ ಎಂದು ಕೇಳುತ್ತದೆ. ಇದು ಬಲ್ಲವರು ಬರೆದ ಪ್ರಶ್ನೆ. ಯಾರಿಗೂ ಬಗೆಹರಿಯದ ಕೋಡಿನ ದೋಷವನ್ನು ರಾತ್ರಿಯಿಡೀ ಕೂತು ಬಿಡಿಸಿದ ಎಂಜಿನಿಯರು, ಆ ವಾರದ ಟೈಮ್‌ಶೀಟ್ ತುಂಬಲಾರದೆ ಎಚ್‌ಆರ್‌ನಿಂದ ನೆನಪೋಲೆ ಮೇಲೆ ನೆನಪೋಲೆ ಪಡೆಯುತ್ತಾನೆ. ಮುನ್ನೂರು ಪುಟದ ಪ್ರಬಂಧ ಬರೆದು ಮುಗಿಸಿದ ಪಿಎಚ್‌ಡಿ ವಿದ್ಯಾರ್ಥಿನಿಗೆ ಗ್ರಂಥಸೂಚಿ ಜೋಡಿಸಲು ತಿಂಗಳುಗಳೇ ಬೇಕಾಗುತ್ತವೆ. ಬುದ್ಧಿ ಸಾಲದೆ ಹೀಗಾಗುವುದಿಲ್ಲ, ಹೊಸತನ ಆರಿದ ಕೆಲಸಕ್ಕೆ ಮನಸ್ಸನ್ನು ಎಳೆದು ತರುವುದೇ ಕಷ್ಟ. ‘ಸೋಮಾರಿ’ ಅನ್ನಿಸಿಕೊಂಡೇ ಬೆಳೆದವರಿಗೆ ಈ ಒಂದು ಪ್ರಶ್ನೆ ಕೊಡುವ ಸಮಾಧಾನ ಸಣ್ಣದಲ್ಲ.

ಇನ್ನು ತಕರಾರು.

ಮೂವತ್ತೆಂಟರ ಒಬ್ಬ ಹೆಣ್ಣುಮಗಳು, ವೃತ್ತಿಯಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಎಂದಿಟ್ಟುಕೊಳ್ಳಿ. ಭೇಟಿಯ ಸಮಯ ಮರೆಯುತ್ತೀರಾ ಎಂಬ ಪ್ರಶ್ನೆಗೆ ಅವರು ‘ಎಂದೂ ಇಲ್ಲ’ ಎಂದು ಟಿಕ್ ಹಾಕುತ್ತಾರೆ. ಸುಳ್ಳಲ್ಲ. ಹತ್ತು ಗಂಟೆಯ ಒಂದು ಮೀಟಿಂಗಿಗೆ ಮೊಬೈಲಿನಲ್ಲಿ ಮೂರು ಅಲಾರಾಂ, ಕನ್ನಡಿಗೆ ಅಂಟಿಸಿದ ಹಳದಿ ಚೀಟಿ, ವಾಟ್ಸ್ಆ್ಯಪ್‌ನಲ್ಲಿ ತನಗೆ ತಾನೇ ಕಳಿಸಿಕೊಂಡ ಸಂದೇಶ, ಹಿಂದಿನ ರಾತ್ರಿ ಎರಡು ಸಲ ಎಚ್ಚರ. ಮರೆಯುವುದಾದರೂ ಹೇಗೆ? ಕೆಲಸವನ್ನು ಓರಣ ಮಾಡಲು ಕಷ್ಟವೇ ಎಂದರೆ ‘ಅಪರೂಪಕ್ಕೆ’, ಏಕೆಂದರೆ ಪಟ್ಟಿಗಳಿವೆ, ಪಟ್ಟಿಗಳ ಪಟ್ಟಿಯೂ ಇದೆ. ಕೊನೆಯ ಚಿಲ್ಲರೆ ಕೆಲಸ? ಅದೂ ‘ಅಪರೂಪಕ್ಕೆ’. ರಿಟರ್ನ್ ಸಲ್ಲಿಸುವ ಕೊನೆಯ ದಿನದ ಭಯವೇ ಅದನ್ನು ಮುಗಿಸಿಬಿಡುತ್ತದೆ. ತಲೆ ಖರ್ಚಾಗುವ ಕೆಲಸವನ್ನು ಮುಂದೂಡುತ್ತೀರಾ ಎಂಬುದಕ್ಕೆ ‘ತುಂಬಾ ಸಲ’, ಕೈಕಾಲು ಆಡಿಸುತ್ತಿರುತ್ತೀರಾ ಎಂಬುದಕ್ಕೆ ‘ಆಗಾಗ’. ಒಳಗೆ ಮೋಟರು ಓಡುತ್ತಿದೆ ಅನ್ನಿಸುತ್ತದೆಯೇ ಎಂಬುದಕ್ಕೆ ‘ಕೆಲವೊಮ್ಮೆ’. ಆ ಸಾಲಿನಲ್ಲಿ ‘ಕೆಲವೊಮ್ಮೆ’ಗೆ ಬೂದು ಬಣ್ಣವಿಲ್ಲ. ಲೆಕ್ಕ ಹಾಕಿದರೆ ಸಿಗುವುದು ಎರಡೇ ಟಿಕ್. ಹಾಳೆಯ ಪ್ರಕಾರ ಆಕೆಗೆ ಏನೂ ಇಲ್ಲ.

ಪ್ರಶ್ನಾವಳಿ ಎಣಿಸುವುದು ಎಡವಟ್ಟುಗಳನ್ನು. ಎಡವಟ್ಟಾಗದಂತೆ ನೋಡಿಕೊಳ್ಳಲು ತೆರುವ ಬೆಲೆಗೆ ಅದರಲ್ಲಿ ಚೌಕವಿಲ್ಲ. ಆಕೆಯ ಮಟ್ಟಿಗೆ ಆತಂಕವೇ ಊರುಗೋಲು. ಮರೆತರೆ ಏನಾಗುತ್ತದೋ ಎಂಬ ಹೆದರಿಕೆ ಇಲ್ಲದಿದ್ದರೆ ಕೆಲಸ ನಿಂತೇ ಹೋಗುತ್ತದೆ, ಇದ್ದರೆ ನಿದ್ದೆ ಹೋಗುತ್ತದೆ. ಇದು ಅಪರೂಪದ ಜೋಡಿಯೂ ಅಲ್ಲ. ಕೆಸ್ಲರ್ ತಂಡವೇ 2006ರಲ್ಲಿ ಪ್ರಕಟಿಸಿದ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ವಯಸ್ಕರಲ್ಲಿ ಶೇ. 4.4ರಷ್ಟು ಜನರಿಗೆ ಎಡಿಎಚ್‌ಡಿ ಇತ್ತು, ಅವರಲ್ಲಿ ಶೇ. 47ರಷ್ಟು ಮಂದಿಗೆ ಅದೇ ವರ್ಷದಲ್ಲಿ ಯಾವುದಾದರೊಂದು ಆತಂಕದ ಕಾಯಿಲೆಯೂ ಇತ್ತು. ಅರ್ಧಕ್ಕರ್ಧ ಜನರಲ್ಲಿ ಕಾಣುವ ಸಂಗಾತಿಯ ಬಗ್ಗೆ 18 ಪ್ರಶ್ನೆಗಳಲ್ಲಿ ಒಂದೂ ಇಲ್ಲ.

ಹಾಳೆಯ ಸ್ವಂತ ಲೆಕ್ಕವೂ ಇದನ್ನು ಮರೆಮಾಚುವುದಿಲ್ಲ. 154 ಜನರ ಮೇಲೆ ನಡೆದ 2005ರ ಪರೀಕ್ಷೆಯಲ್ಲಿ ಆರು ಪ್ರಶ್ನೆಗಳು ಎಡಿಎಚ್‌ಡಿ ಇರುವವರಲ್ಲಿ ಶೇ. 68.7ರಷ್ಟು ಮಂದಿಯನ್ನು ಹಿಡಿದವು. ಇಲ್ಲದವರನ್ನು ‘ಇಲ್ಲ’ ಎನ್ನುವುದರಲ್ಲಿ ಮಾತ್ರ ಶೇ. 99.5ರ ನಿಖರತೆ. ಅಂದರೆ ಎಡಿಎಚ್‌ಡಿ ಇದ್ದ ನೂರರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಜರಡಿಯಿಂದ ಜಾರಿದರು. ಜಾರಿದವರೆಲ್ಲ ಮೇಲಿನ ಅಕೌಂಟೆಂಟರಂಥವರೇ ಎನ್ನಲು ಆಧಾರವಿಲ್ಲ, ಆದರೆ ಜಾರುವ ದಾರಿ ಅವರಂಥವರಿಗೆ ಸಲೀಸಾಗಿದೆ. ಶೇ. 99.5 ಎಂಬ ಭರ್ಜರಿ ಅಂಕಿಯೂ ಸಾಮಾನ್ಯ ಜನಸಮೂಹದಲ್ಲಿ ಸಿಕ್ಕಿದ್ದು. ಆತಂಕವೋ ಖಿನ್ನತೆಯೋ ಇದ್ದು ಆಸ್ಪತ್ರೆಗೆ ಬಂದವರ ನಡುವೆ ಅದು ಹಾಗೇ ನಿಲ್ಲುವುದಿಲ್ಲ. ಹಸುಗೂಸಿನ ಅಳುವಿಗೆ ನಿದ್ದೆಗೆಟ್ಟ ಅಪ್ಪನೂ ಭೇಟಿ ಮರೆಯುತ್ತಾನೆ, ಕೆಲಸ ಕಲಸುಮೇಲೋಗರ ಮಾಡಿಕೊಳ್ಳುತ್ತಾನೆ, ಯೋಚಿಸಬೇಕಾದ್ದನ್ನು ಮುಂದೂಡುತ್ತಾನೆ, ಕೂತಲ್ಲಿ ಕಾಲು ಕುಣಿಸುತ್ತಾನೆ. ನಾಲ್ಕು ಟಿಕ್ ಆಗಿಹೋಯಿತು.

2013ರಲ್ಲಿ ಡಿಎಸ್‌ಎಂ ಬದಲಾಯಿತು. ಹದಿನೇಳು ದಾಟಿದವರಲ್ಲಿ ಆರರ ಬದಲು ಐದು ಲಕ್ಷಣ ಸಾಕು, ಅವು ಏಳರ ಬದಲು ಹನ್ನೆರಡು ವರ್ಷದೊಳಗೆ ಕಂಡಿದ್ದರೆ ಸಾಕು ಎಂದಾಯಿತು. ಅದಕ್ಕೆ ಹೊಂದುವ ಹೊಸ ಎಎಸ್‌ಆರ್‌ಎಸ್ 2017ರಲ್ಲಿ ಬಂತು. ಈ ಸಲ ಆರು ಪ್ರಶ್ನೆಗಳನ್ನು ಹೆಕ್ಕಿದ್ದು ಮಷೀನ್ ಲರ್ನಿಂಗ್. ಹಿಡಿಯುವ ಪ್ರಮಾಣ ಶೇ. 90 ದಾಟಿತು. ಅಂಕಿಯಲ್ಲಿ ಭಾರಿ ಸುಧಾರಣೆ. ಪ್ರಶ್ನೆಗಳನ್ನು ಓದಿದರೆ ಬೇರೆಯೇ ಗುಮಾನಿ ಏಳುತ್ತದೆ.

ಅವುಗಳಲ್ಲೊಂದು, ಬದುಕನ್ನು ಓರಣವಾಗಿಡಲು, ಸಣ್ಣಪುಟ್ಟ ವಿವರ ನೋಡಿಕೊಳ್ಳಲು ಬೇರೆಯವರನ್ನು ನೆಚ್ಚಿಕೊಂಡಿದ್ದೀರಾ ಎನ್ನುತ್ತದೆ. ನಮ್ಮ ಮನೆಗಳಲ್ಲಿ ಇದನ್ನು ಕೇಳಿ ನೋಡಿ. ಕರ್ಚೀಫಿನಿಂದ ಪಾಸ್‌ಬುಕ್ಕಿನವರೆಗೆ ‘ಎಲ್ಲಿಟ್ಟಿದ್ದೀಯೇ?’ ಎಂದು ನಡುಮನೆಯಿಂದ ಕೂಗುವ ಯಜಮಾನರು ನಿಶ್ಚಿಂತೆಯಿಂದ ‘ಎಂದೂ ಇಲ್ಲ’ ಎಂದು ಟಿಕ್ ಹಾಕುತ್ತಾರೆ. ಅದು ನೆಚ್ಚಿಕೆ ಎಂದು ಅವರಿಗೆ ಹೊಳೆದೇ ಇಲ್ಲ. ಅಡುಗೆಮನೆಯಿಂದ ಉತ್ತರ ಕೊಡುವಾಕೆಯ ಟಿಕ್ಕೂ ‘ಎಂದೂ ಇಲ್ಲ’ಕ್ಕೇ. ನೆಚ್ಚಿಕೊಳ್ಳಲು ಆಕೆಗೆ ಯಾರೂ ಇಲ್ಲ. ಮಕ್ಕಳ ಫೀಸಿನ ಕೊನೇ ದಿನ, ಅತ್ತೆಯ ಬಿಪಿ ಮಾತ್ರೆ, ಗ್ಯಾಸ್ ಬುಕಿಂಗ್ ಎಲ್ಲ ಆಕೆಯ ತಲೆಯಲ್ಲಿ. ಆಕೆಗೇ ಎಡಿಎಚ್‌ಡಿ ಇದ್ದರೂ ಹಾಳೆಗೆ ಅದು ತಿಳಿಯುವುದಿಲ್ಲ. ಇನ್ನೊಂದು ಪ್ರಶ್ನೆ, ಎದುರಿನವರ ವಾಕ್ಯವನ್ನು ನೀವೇ ಮುಗಿಸುತ್ತೀರಾ ಎಂಬುದು. ನಾಲ್ಕು ಜನ ಒಟ್ಟಿಗೆ ಮಾತಾಡುವ ಮದುವೆಮನೆಯಲ್ಲಿ ಇದನ್ನು ಹಂಚಿದರೆ ಛತ್ರಕ್ಕೆ ಛತ್ರವೇ ಪಾಸಾದೀತು.

ಮತ್ತೊಂದು ಇನ್ನೂ ತೊಡಕಿನದು. ಬಿಡುವು ಸಿಕ್ಕಾಗಲೂ ಹಾಯಾಗಿ ಕೂರಲು ಆಗುವುದಿಲ್ಲವೇ ಎಂದು ಹೊಸ ಹಾಳೆ ವಿಚಾರಿಸುತ್ತದೆ. ಆತಂಕವನ್ನು ಅಳೆಯಲು ಲೋಕವೆಲ್ಲ ಬಳಸುವ ಜಿಎಡಿ-7 ಎಂಬ 2006ರ ಪ್ರಶ್ನಾವಳಿಯಲ್ಲೂ ಹೆಚ್ಚುಕಡಿಮೆ ಇದೇ ಪ್ರಶ್ನೆ ಇದೆ. ಒಂದು ಕಡೆ ಕೂರಲಾಗದಷ್ಟು ಚಡಪಡಿಕೆಯೇ ಎಂಬುದೂ ಅಲ್ಲಿದೆ. ಹಾಗಾಗಿ ಒಂದೇ ಚಡಪಡಿಕೆ ಒಂದು ಹಾಳೆಯಲ್ಲಿ ಎಡಿಎಚ್‌ಡಿಯ ಖಾತೆಗೆ, ಇನ್ನೊಂದರಲ್ಲಿ ಆತಂಕದ ಖಾತೆಗೆ ಜಮಾ ಆಗುತ್ತದೆ. ಎರಡನ್ನೂ ತುಂಬಿದವರು ತಮಗೆ ಎರಡೂ ಇದೆ ಎಂದುಕೊಂಡರೆ ತಪ್ಪು ಯಾರದು?

ಓವರ್‌ಥಿಂಕಿಂಗ್ ಎಂದು ಈಗ ಎಲ್ಲರ ಬಾಯಲ್ಲಿರುವ ಸಂಗತಿಯೂ ಹೀಗೇ ಕೈತಪ್ಪುತ್ತದೆ. ಉದ್ದದ ಮೇಲ್‌ಗೆ ಬಾಸ್ ಬರೀ ‘ಓಕೆ’ ಎಂದು ಉತ್ತರಿಸಿದ್ದಾರೆ ಎನ್ನಿ. ಬೇಜಾರಾಗಿದೆಯಾ, ಅಪ್ರೈಸಲ್‌ನಲ್ಲಿ ಇದು ಬರುತ್ತದಾ, ಕೆಲಸ ಹೋದರೆ ಗತಿಯೇನು ಎಂದು ಮುಂದೆ ಮುಂದೆ ಓಡುವುದು ಆತಂಕದ ನಡೆ. ನಾನೇಕೆ ಯಾವಾಗಲೂ ಹೀಗೆ ಬರೆಯುತ್ತೇನೆ, ಹೋದ ವರ್ಷವೂ ಹೀಗೇ ಆಯಿತಲ್ಲ ಎಂದು ಆದದ್ದನ್ನೇ ಸುತ್ತುವುದು, ಯೇಲ್ ವಿಶ್ವವಿದ್ಯಾಲಯದ ಸೂಸನ್ ನೋಲನ್-ಹೋಕ್ಸೆಮಾ ಜೀವಮಾನವಿಡೀ ಅಧ್ಯಯನ ಮಾಡಿದ ಮೆಲುಕು. ಆಕೆ ಅದನ್ನು ಖಿನ್ನತೆಯ ಜೊತೆಗಿಟ್ಟು ನೋಡಿದರು. ‘ಓಕೆ’ಯಿಂದ ಬಾಸ್‌ನ ಹೊಸ ಕಾರಿಗೆ, ಕಾರಿನಿಂದ ಪೆಟ್ರೋಲ್ ಬೆಲೆಗೆ, ಅಲ್ಲಿಂದ ಇನ್ನೆಲ್ಲಿಗೋ ಜಿಗಿದು, ಮುಂದಿನ ಮೇಲ್ ಬರೆಯುವುದೇ ಮರೆತುಹೋಗುವುದು ಎಡಿಎಚ್‌ಡಿ ಇರುವವರು ಹೇಳಿಕೊಳ್ಳುವ ಅಲೆದಾಟ. ಒಬ್ಬರಲ್ಲೇ ಮೂರೂ ಇರಬಹುದು. ಚಿಕಿತ್ಸೆಯ ದಾರಿಗಳು ಮಾತ್ರ ಬೇರೆ ಬೇರೆ. ಯೋಚನೆ ಯಾವ ರೀತಿ ಓಡುತ್ತದೆ ಎಂದು ಎರಡೂ ಆವೃತ್ತಿಗಳು ಕೇಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಬಾಲ್ಯದ್ದು. ನಿಯಮದ ಪ್ರಕಾರ ಲಕ್ಷಣಗಳು ಹನ್ನೆರಡರೊಳಗೆ ಕಂಡಿರಬೇಕು. 2005ರ ಹಾಳೆ ವಿಚಾರಿಸುವುದು ಕಳೆದ ಆರು ತಿಂಗಳನ್ನು. ಈ ಅಂತರ ಎಷ್ಟು ದುಬಾರಿ ಎಂಬುದಕ್ಕೆ ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಬೇಕು. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಜನರನ್ನು ಹುಟ್ಟಿನಿಂದ ಹಿಂಬಾಲಿಸಿದ ತಂಡ, ವಯಸ್ಕರಾದ ಮೇಲೆ ಎಡಿಎಚ್‌ಡಿ ಲಕ್ಷಣ ತೋರಿದವರಲ್ಲಿ ಶೇ. 90ರಷ್ಟು ಮಂದಿಗೆ ಬಾಲ್ಯದಲ್ಲಿ ಅದು ಇರಲಿಲ್ಲ ಎಂದು 2015ರಲ್ಲಿ ವರದಿ ಮಾಡಿತು. ದೊಡ್ಡವರಾದ ಮೇಲೆ ಹೊಸದಾಗಿ ಬರುವ ಎಡಿಎಚ್‌ಡಿಯೂ ಉಂಟೇ ಎಂದು ಚರ್ಚೆ ಎದ್ದಿತು. 2018ರಲ್ಲಿ ಮಾರ್ಗರೆಟ್ ಸಿಬ್ಲಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಅಂಥ ‘ತಡವಾಗಿ ಬಂದ’ ಪ್ರಕರಣಗಳನ್ನು ಪೋಷಕರು, ಶಿಕ್ಷಕರ ಮಾತು ಸೇರಿಸಿ ಒಂದೊಂದಾಗಿ ತಿರುವಿಹಾಕಿದರು. ಸುಮಾರು ಶೇ. 95ರಷ್ಟು ಬಿದ್ದುಹೋದವು. ಕೆಲವದರ ಹಿಂದೆ ಮಾದಕ ವಸ್ತು, ಕೆಲವದರ ಹಿಂದೆ ಬೇರೆ ಮಾನಸಿಕ ತೊಂದರೆ ಇತ್ತು. ಟಿಕ್ ಎಣಿಸುವುದಕ್ಕೂ ಕೂತು ಕೇಳುವುದಕ್ಕೂ ಇರುವ ವ್ಯತ್ಯಾಸ ಅಷ್ಟು.

ಕೂತು ಕೇಳುವ ಸಾಧನಗಳು ಇಲ್ಲದಿಲ್ಲ. ನೆದರ್ಲೆಂಡ್ಸ್‌ನ ಮನೋವೈದ್ಯೆ ಸಾಂಡ್ರಾ ಕೂಯ್ ರೂಪಿಸಿದ ಡಿವಾ ಎಂಬ ಸಂದರ್ಶನ 18 ಲಕ್ಷಣಗಳನ್ನೂ ಎರಡೆರಡು ಸಲ, ಈಗಿನ ಬದುಕಿಗೊಮ್ಮೆ ಬಾಲ್ಯಕ್ಕೊಮ್ಮೆ, ಉದಾಹರಣೆ ಸಮೇತ ವಿಚಾರಿಸುತ್ತದೆ. ಸಾಧ್ಯವಾದರೆ ಸಂಗಾತಿಯೋ ಮನೆಯವರೋ ಜೊತೆಗಿರಲಿ ಎನ್ನುತ್ತದೆ. ಅದು ಎರಡು ನಿಮಿಷದಲ್ಲಿ ಮುಗಿಯದು, ಗಂಟೆಗೂ ಮಿಗಿಲು ಹಿಡಿಯುತ್ತದೆ. ಹೊರರೋಗಿ ವಿಭಾಗದ ಸಾಲು ಕಂಡವರಿಗೆ ಇಲ್ಲಿನ ತೊಡಕು ತಾನಾಗಿ ತಿಳಿಯುತ್ತದೆ. ಬಾಲ್ಯದ ದಾಖಲೆ ಹುಡುಕುವುದಾದರೂ ಎಲ್ಲಿ? ನಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಂಕ ಬಿಟ್ಟರೆ ಮಗುವಿನ ಸ್ವಭಾವದ ಬಗ್ಗೆ ಒಂದು ಸಾಲೂ ಇಲ್ಲ. ಶೇ. 92 ಬಂದಿದ್ದರಂತೂ ‘ನಿನಗೇನು ಬಂತು ರೋಗ’ ಎಂದೇ ಮನೆಯವರು ಕೇಳುತ್ತಾರೆ. ಮನೋರೋಗಗಳ ಕುರಿತು ಕನ್ನಡದಲ್ಲಿ ಬರೆದ ‘ಮನ ಮಂಥನ’ಕ್ಕೆ ಡಾ. ಎಂ. ಶಿವರಾಂ, ಅದೇ ‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿ, 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ನಾಡು ಇದು. ಆದರೂ ಚೆನ್ನಾಗಿ ಓದುವ ಮಗುವಿಗೂ ತೊಂದರೆ ಇರಬಹುದೆಂಬ ಮಾತು ಅಷ್ಟು ಸುಲಭವಾಗಿ ಒಳಗೆ ಇಳಿಯುವುದಿಲ್ಲ.

ಮಾರುಕಟ್ಟೆಯ ನೆರಳನ್ನೂ ಮರೆಯಬಾರದು. ವಯಸ್ಕರ ಎಡಿಎಚ್‌ಡಿಗೂ ಎಂದು ಅಮೆರಿಕ ಮೊದಲ ಬಾರಿ ಒಂದು ಔಷಧಿಗೆ, ಸ್ಟ್ರಾಟೆರಾಕ್ಕೆ, ಒಪ್ಪಿಗೆ ಕೊಟ್ಟದ್ದು 2002ರಲ್ಲಿ. ನಂತರದ ವರ್ಷಗಳಲ್ಲಿ ಇಂಥ ಪುಟ್ಟ ಪರೀಕ್ಷೆಗಳು ಅಲ್ಲಿನ ಔಷಧಿ ಜಾಹೀರಾತುಗಳ ಭಾಗವೇ ಆದವು. ಭಾರತದಲ್ಲಿ ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾದಕ ವಸ್ತು ನಿಯಂತ್ರಣ ಕಾಯ್ದೆಯಡಿ ಬರುವುದರಿಂದ ಟಿಕ್ ತೋರಿಸಿ ಮಾತ್ರೆ ಕೊಳ್ಳುವ ಹಾಗಿಲ್ಲ. ಅದು ಒಳ್ಳೆಯದೇ. ಎದೆಬಡಿತ ಏರಿಸುವ, ನಿದ್ದೆ ಕೆಡಿಸುವ ಸಾಧ್ಯತೆ ಇರುವ ಔಷಧಿಯನ್ನು ಈಗಾಗಲೇ ಆತಂಕದಲ್ಲಿರುವವರಿಗೆ ಕೊಡಬೇಕಾದರೆ ಎದುರಿಗೆ ಕೂತು ವಿಚಾರಿಸುವ ವೈದ್ಯರು ಬೇಕೇ ಬೇಕು.

ಹಾಗೆಂದು ಹಾಳೆಯನ್ನು ಹರಿದುಹಾಕಬೇಕಿಲ್ಲ. ಮಾತು ಶುರುಮಾಡಲು ಇದಕ್ಕಿಂತ ಸರಳ ಸಾಧನ ಸಿಗುವುದು ಕಷ್ಟ. ಮುಂದಿನ ಪರಿಷ್ಕರಣೆಯಲ್ಲಿ, ತಪ್ಪಾಗದಂತೆ ನೋಡಿಕೊಳ್ಳಲು ದಿನಕ್ಕೆ ಎಷ್ಟು ಹೊತ್ತು, ಎಷ್ಟು ನಿದ್ದೆ ಕಳೆಯುತ್ತೀರಿ ಎಂಬ ಒಂದೇ ಪ್ರಶ್ನೆ ಸೇರಿದರೂ ಅದರ ಅರ್ಧ ದೋಷ ಹೋದೀತು. ಅಲ್ಲಿಯವರೆಗೆ ತುಂಬುವವರು ಆ ಕೆಲಸವನ್ನು ತಾವೇ ಮಾಡಬಹುದು. ಪ್ರತಿ ಟಿಕ್ಕಿನ ಪಕ್ಕ ಈ ತಿಂಗಳಲ್ಲಿ ನಡೆದ ಒಂದು ನಿಜ ಘಟನೆ ಬರೆಯಿರಿ. ‘ಎಂದೂ ಇಲ್ಲ’ ಎಂದಿದ್ದರೆ ಅದಕ್ಕೆ ಏನೇನು ವ್ಯವಸ್ಥೆ ಮಾಡಿಕೊಂಡಿದ್ದೀರಿ ಎಂದೂ ಬರೆಯಿರಿ. ವೈದ್ಯರ ಬಳಿ ಹೋಗುವಾಗ ನಿಮ್ಮನ್ನು ಐದನೇ ಕ್ಲಾಸಿನಿಂದ ಬಲ್ಲ ಅಮ್ಮನನ್ನೋ ಅಣ್ಣನನ್ನೋ ಕರೆದುಕೊಂಡು ಹೋಗಿ. ಯಾರ ಬಳಿ ಹೋಗಬೇಕೆಂದೇ ತಿಳಿಯದಿದ್ದರೆ 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಟೆಲಿ ಮಾನಸ್ ಇದೆ. ಸಂಖ್ಯೆ 14416, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.