ಕಲ್ಲಿನ ಮೇಲೆ ಬರೆದವರು ಯಾರು?

ನಮ್ಮ ಆಪಾ ಇರುವುದು ಪುಣೆ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ. ಅಲ್ಲಿಂದ ಲೋಣಾವಳದ ಲೋಕಲ್ ರೈಲು ಹತ್ತಿದರೆ ವಡಗಾಂವ, ಕಾನ್ಹೆ, ಕಾಮಶೇತ್ ದಾಟಿದ ಮೇಲೆ ಮಳವಲಿ ಅನ್ನೋ ಚಿಕ್ಕ ಸ್ಟೇಷನ್ ಬರುತ್ತದೆ. ಕಾರ್ಲಾ, ಭಾಜೆ ಗುಹೆ ನೋಡುವವರು ಅಲ್ಲಿ ಇಳಿಯುತ್ತಾರೆ. ಆದರೆ ನಿಮ್ಮ ಓಣಿಯ ಅಂಗಡಿಯಲ್ಲೋ ನೆರೆಮನೆಯ ಗೋಡೆಯಲ್ಲೋ ನೀವು ನೋಡಿರುವ ಲಕ್ಷ್ಮಿ, ಸರಸ್ವತಿಯರ ಚಿತ್ರಗಳ ಮೂಲ ಹುಡುಕುತ್ತಾ ಹೋದರೆ ಅದೇ ಊರು ತಲುಪುತ್ತೀರಿ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಕಲ್ಲಚ್ಚಿನ ಪ್ರೆಸ್ಸು ಕೆಲವೇ ವರ್ಷಗಳಲ್ಲಿ ಮಳವಲಿಗೆ ಬಂತು. ಆಮೇಲೆ ಅದು ಜರ್ಮನಿಯ ಫ್ರಿಟ್ಸ್ ಶ್ಲೈಶರ್ ಕೈಗೆ ಹೋಯಿತು. 1972ರಲ್ಲಿ ಬೆಂಕಿಗೆ ಸಿಕ್ಕಿತು.

ರವಿವರ್ಮನ ಪರಂಪರೆಯನ್ನು ಕಾಯುವ ಕೆಲಸ ಇವತ್ತು ನಮ್ಮ ಕರ್ನಾಟಕದಲ್ಲೂ ನಡೆಯುತ್ತಿದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ದೊಡ್ಡ ತೈಲಚಿತ್ರಗಳಿವೆ. ಬೆಂಗಳೂರಿನಲ್ಲಿ ರಾಜಾ ರವಿವರ್ಮ ಹೆರಿಟೇಜ್ ಫೌಂಡೇಶನ್ ಇದೆ. ಅದರಲ್ಲಿ ಕಲಾವಿದನ ವಂಶಸ್ಥರೂ ಇದ್ದಾರೆ. ಅಲ್ಲಿಯೇ ವಕೀಲ ಗಣೇಶ್ ಶಿವಸ್ವಾಮಿ ಹಳೆಯ ಅಚ್ಚುಚಿತ್ರಗಳನ್ನು ಕೂಡಿಹಾಕಿ, ಸಂಪುಟಗಟ್ಟಲೆ ಬರೆದಿದ್ದಾರೆ. ಇವರು ಮಾಡಿದ್ದು ಸಣ್ಣ ಕೆಲಸ ಅಲ್ಲ. ಅಸಲಿ ಯಾವುದು, ನಕಲಿ ಯಾವುದು ಅಂತ ಹೇಳಬಲ್ಲವರು, ಕಾಗದ ಪುಡಿಯಾಗದಂತೆ ಕಾಪಾಡಬಲ್ಲವರು ಇಲ್ಲದಿದ್ದರೆ ಎಷ್ಟೋ ಚಿತ್ರಗಳು ರದ್ದಿಗೆ ಹೋಗುತ್ತಿದ್ದವು.

ಆದರೂ ನನ್ನದೊಂದು ತಕರಾರಿದೆ. ರವಿವರ್ಮನ ಹೆಸರು ಪತ್ರಿಕೆಗೆ ಬರುವುದು ಯಾವಾಗ? ಯಾವುದೋ ತೈಲಚಿತ್ರ ಹರಾಜಿನಲ್ಲಿ ಕೋಟಿಗಟ್ಟಲೆಗೆ ಹೋದಾಗ. 1979ರಿಂದ ಅವರ ಕೃತಿಗಳು ರಾಷ್ಟ್ರದ ಕಲಾನಿಧಿ, ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಸರಿ. ಆದರೆ ಜನಸಾಮಾನ್ಯರಿಗೆ ರವಿವರ್ಮ ತಲುಪಿದ್ದು ಆ ತೈಲಚಿತ್ರಗಳಿಂದ ಅಲ್ಲ, ಅಗ್ಗದ ಅಚ್ಚಿನಿಂದ. ಆ ಅಚ್ಚು ಒಬ್ಬರ ಕೈಕೆಲಸ ಅಲ್ಲವೇ ಅಲ್ಲ.

ಒಮ್ಮೆ ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು: "ಟೀಚರ್, ಒಬ್ಬರೇ ಇಷ್ಟೊಂದು ಚಿತ್ರ ಹೇಗೆ ಬರೆದ್ರು?" ನನಗೆ ಖುಷಿಯಾಯಿತು. ಕೇಳಬೇಕಾದ ಪ್ರಶ್ನೆ ಅದೇ. ಕಲ್ಲಚ್ಚಿನಲ್ಲಿ ನಯವಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆಯುತ್ತಾರೆ. ಕಲ್ಲಿಗೆ ನೀರು ಹಚ್ಚಿದರೆ ಜಿಡ್ಡು ನೀರನ್ನು ಹತ್ತಿರ ಬಿಡುವುದಿಲ್ಲ, ಒದ್ದೆ ಕಲ್ಲು ಬಣ್ಣವನ್ನು ಹತ್ತಿರ ಬಿಡುವುದಿಲ್ಲ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲು. ಅಂದರೆ ಯಾರೋ ಒಬ್ಬರು ಮೂಲಚಿತ್ರ ನೋಡಿ, ಸೀರೆಯ ಕೆಂಪು ಎಷ್ಟು, ಕೆನ್ನೆಯ ಕೆಂಪು ಎಷ್ಟು ಅಂತ ಬಿಡಿಸಿ, ಕಲ್ಲಿನ ಮೇಲೆ ತಿರುಗಾಮುರುಗಾ ಬರೆಯಬೇಕು. ಇನ್ನೊಬ್ಬರು ಒಂದು ಬಣ್ಣದ ಮೇಲೆ ಇನ್ನೊಂದು ಕೂದಲೆಳೆಯಷ್ಟೂ ಜರುಗದಂತೆ ಒತ್ತಬೇಕು. ಲಕ್ಷ್ಮಿಯ ಮುಖದ ಕಳೆ ಕೆಡದೆ ಮನೆಮನೆಗೆ ಹೋದದ್ದು ಇವರಿಂದ. ಚಿತ್ರದ ಕೆಳಗೆ ರವಿವರ್ಮನ ಹೆಸರಿದೆ, ಪ್ರೆಸ್ಸಿನ ಹೆಸರಿದೆ. ಇವರ ಹೆಸರು?

"ನಮ್ಮ ಗೋಡೆಯಲ್ಲಿ ಇಂಥ ಚಿತ್ರ ಇಡುವುದಿಲ್ಲ, ನಮಗೇಕೆ ಈ ಮಾತು?" ಅಂತ ನೀವು ಕೇಳಬಹುದು. ನಮ್ಮ ದಾದಾರ ಪೆಟ್ಟಿಗೆಯಲ್ಲಿದ್ದ ಉರ್ದು ಕಿತಾಬುಗಳೂ ಕಲ್ಲಚ್ಚಿನವೇ. ನಸ್ತಾಲೀಕ್ ಲಿಪಿಯನ್ನು ಸೀಸದ ಮೊಳೆಗಳಲ್ಲಿ ಜೋಡಿಸುವುದು ಕಷ್ಟ. ಹಾಗಾಗಿ ಕಾತಿಬರು ಕೈಯಲ್ಲಿ ಬರೆದದ್ದನ್ನು ಕಲ್ಲಿಗೆ ಇಳಿಸಿ ಒತ್ತುತ್ತಿದ್ದರು. ಲಖನೌದ ನವಲ್ ಕಿಶೋರ್ ಪ್ರೆಸ್ಸು ಬೆಳೆದದ್ದೂ ಈ ವಿದ್ಯೆಯಿಂದಲೇ. ಅಲ್ಲಿ ಅರಬಿ, ಉರ್ದು. ಇಲ್ಲಿ ಲಕ್ಷ್ಮಿ, ಶಕುಂತಲೆ. ಕಲ್ಲು ಒಂದೇ, ಕಸುಬು ಒಂದೇ. ನಮ್ಮ ಕಾತಿಬರನ್ನು ನಾವೂ ಮರೆತಿದ್ದೇವೆ, ಸುಳ್ಳು ಯಾಕೆ ಹೇಳಲಿ.

ಪರಿಣತರಲ್ಲಿ ನನ್ನ ವಿನಂತಿ ಇಷ್ಟು. ಪ್ರದರ್ಶನದಲ್ಲಿ ಅಚ್ಚುಚಿತ್ರದ ಪಕ್ಕ ಕಲಾವಿದನ ಹೆಸರಿನ ಜೊತೆ, ಎಷ್ಟು ಕಲ್ಲು ಬಳಸಿದರು, ಕೆಲಸಗಾರರು ಯಾರು ಅನ್ನುವುದನ್ನೂ ಬರೆಯಿರಿ. ಹೆಸರು ಸಿಗದಿದ್ದರೆ "ಹೆಸರು ಸಿಕ್ಕಿಲ್ಲ" ಅಂತಲೇ ಬರೆಯಿರಿ. ಮಾವಳ ಸೀಮೆಯ ಹಿರಿಯರಲ್ಲಿ ಪ್ರೆಸ್ಸಿನ ನೆನಪು ಇದ್ದರೆ ಈಗಲೇ ದಾಖಲಿಸಿ. ಅಚ್ಚುಗಳನ್ನು ಸರ್ಕಾರಿ ಶಾಲೆಗಳಿಗೆ ತನ್ನಿ. ಜಗನ್ಮೋಹನ ಅರಮನೆಯಲ್ಲಿ ರವಿವರ್ಮ ಬರೆದ ಹನ್ನೊಂದು ಸಂಗೀತಗಾರ್ತಿಯರ ಚಿತ್ರವಿದೆ, ಅವರಲ್ಲಿ ಒಬ್ಬಾಕೆ ಮುಸ್ಲಿಂ. ಅವಳನ್ನು ನಮ್ಮ ಮಕ್ಕಳು ಎಷ್ಟು ಜನ ನೋಡಿದ್ದಾರೆ ಹೇಳಿ?

ನಿಮ್ಮಲ್ಲೂ ಒಂದು ಕೇಳಿಕೆ. ಮನೆಯಲ್ಲಿ ಹಳೆಯ ಉರ್ದು ಕಿತಾಬು ಇದ್ದರೆ ಕೊನೆಯ ಪುಟ ತೆಗೆದು ನೋಡಿ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಕಾತಿಬರ ಹೆಸರು ಇದ್ದರೂ ಇರಬಹುದು. ಇದ್ದರೆ ಬರೆದಿಟ್ಟುಕೊಳ್ಳಿ, ಮಕ್ಕಳಿಗೂ ತೋರಿಸಿ.