ಕೈಗೊಂದು ಸ್ಕೂಲು, ತಲೆಗೊಂದು ಕಾಲೇಜು

ದಿನವೂ ಗಿಂಡಿ ಸ್ಟೇಶನ್ ದಾಟಿ ಆಫೀಸಿಗೆ ಹೋಗುವ ನನಗೆ ಅಜಂತಾ ಸುಬ್ರಮಣಿಯನ್ ಅವರ 'ದಿ ಕಾಸ್ಟ್ ಆಫ್ ಮೆರಿಟ್' (2019) ಓದುವಾಗ ಸ್ವಲ್ಪ ಮುಜುಗರವೇ ಆಯಿತು. ಪುಸ್ತಕ ಮುಖ್ಯವಾಗಿ ಮದ್ರಾಸ್ ಐಐಟಿಯ ಬಗ್ಗೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಮೊದಲಲ್ಲೇ ಬರುವ ಬ್ರಿಟಿಷರ ಕಾಲದ ಕಥೆ.

1794ರಲ್ಲಿ ಎಂಟು ಹುಡುಗರಿಂದ ಶುರುವಾದ ಸರ್ವೆ ಶಾಲೆಯೇ ಮುಂದೆ ಗಿಂಡಿಯ ಎಂಜಿನಿಯರಿಂಗ್ ಕಾಲೇಜಾಯಿತು. ಕಂಪನಿಗೆ ಬೇಕಿದ್ದದ್ದು ಭೂಮಿ ಅಳೆಯುವವರು. ಆಮೇಲೆ ಪಿಡಬ್ಲ್ಯೂಡಿಗೆ ಕಾಲುವೆ, ರಸ್ತೆ ಕಟ್ಟಿಸುವವರು. ಕಟ್ಟುವವರಲ್ಲ, ಕಟ್ಟಿಸುವವರು. ಇಂಗ್ಲಿಷು, ಗಣಿತ ಬಲ್ಲ ಮೇಲ್ಜಾತಿಯ ಹುಡುಗರು, ಅದರಲ್ಲೂ ಬ್ರಾಹ್ಮಣರು, ಆ ಬಾಗಿಲಿನಿಂದ ಒಳಹೋದರು. ತಲೆತಲಾಂತರದಿಂದ ಕಬ್ಬಿಣ, ಮರ ಪಳಗಿಸಿದವರ ಮಕ್ಕಳಿಗೆ ಇಂಡಸ್ಟ್ರಿಯಲ್ ಸ್ಕೂಲು. ಈ ಎರಡು ದಾರಿಗಳನ್ನು ಬೇರೆ ಮಾಡಿದ್ದು ಜಾಣತನವಲ್ಲ, ವ್ಯವಸ್ಥೆ ಎಂಬುದು ಲೇಖಕಿಯ ವಾದ. ನನಗದು ಒಪ್ಪಿಗೆ.

ಒಪ್ಪಿದರೂ ಒಂದು ತಕರಾರಿದೆ. ಇಲ್ಲಿ ಕಸುಬುದಾರ ಕಾಣುವುದು ಹೆಚ್ಚಾಗಿ ಸಾಹೇಬರ ವರದಿಗಳ ಕಿಟಕಿಯಿಂದ. ಅವನ ಸುತ್ತಿಗೆಯ ಸದ್ದು ನಮಗೆ ಕೇಳಿಸುವುದಿಲ್ಲ. ಆಲ್ಫ್ರೆಡ್ ಚಾಟರ್ಟನ್ನರನ್ನೇ ನೋಡಿ. ಎಂಜಿನಿಯರಿಂಗ್ ಪ್ರೊಫೆಸರಾಗಿದ್ದ ಅವರು 1898ರಲ್ಲಿ ಮದ್ರಾಸಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸತೊಡಗಿದರು. ಮುಂದೆ ಅದು ಖಾಸಗಿ ಕಂಪನಿಯ ಉದ್ಯಮವಾಯಿತು. ಹೊಸ ಲೋಹ ತಟ್ಟುವುದನ್ನು ಕಲಿತ ಆ ಕೈಗಳು ಏನನ್ನು ಬಿಟ್ಟುಕೊಟ್ಟವು, ಏನನ್ನು ಗಳಿಸಿದವು? ವರದಿಗಳಲ್ಲಿ ಚಾಟರ್ಟನ್ನರ ಹೆಸರಿರುತ್ತದೆ, ತಟ್ಟಿದವನದು ಇರುವುದಿಲ್ಲ.

ಇದೇ ಚಾಟರ್ಟನ್ ಆಮೇಲೆ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರಿನ ಕೈಗಾರಿಕಾ ಇಲಾಖೆಯನ್ನು ನೋಡಿಕೊಂಡರು. ಮದ್ರಾಸಿನ ಒಡಕು ಅವರ ಜೊತೆಗೇ ಗಡಿ ದಾಟಿ ಬಂತೇ, ಇಲ್ಲಾ ನಮ್ಮಲ್ಲಿ ಮೊದಲೇ ಇತ್ತೇ? ಸರ್ ಎಂ.ವಿ. ಹೆಸರು ಬಂದ ಕೂಡಲೇ ಕೈಮುಗಿದು ಮುಂದೆ ಹೋಗುವ ನಾವು (ನಾನೂ ಸೇರಿ) ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಬೇಕಿದೆ.

ನಮ್ಮ ದೊಡ್ಡಪ್ಪ ಐಟಿಐ ಫಿಟ್ಟರ್. ಊರಲ್ಲಿ ಪಂಪು ಕೆಟ್ಟರೆ ಕರೆ ಹೋಗುತ್ತಿದ್ದದ್ದು ಅವರಿಗೆ. ಮದುವೆಮನೆಯಲ್ಲಿ 'ಇವ್ರು ಎಂಜಿನಿಯರು' ಎಂದು ಪರಿಚಯಿಸುತ್ತಿದ್ದದ್ದು ಬಿಇ ಓದಿದ ನನ್ನನ್ನು. ಒಂದು ನಟ್ಟು ಬಿಗಿಯಲೂ ನನಗೆ ಬರುತ್ತಿರಲಿಲ್ಲ. ಆ ಮಾತು ಕೇಳಿ ದೊಡ್ಡಪ್ಪ ಹೆಮ್ಮೆಯಿಂದ ನಗುತ್ತಿದ್ದರು. ಆ ನಗು ಎಲ್ಲಿಂದ ಬಂತು ಅನ್ನುವುದು ಈ ಪುಸ್ತಕ ಓದುವವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ.

ಭಾಷೆ ಯೂನಿವರ್ಸಿಟಿಯದ್ದು, ಬಿಗಿ ಜಾಸ್ತಿ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಮೊದಲ ಅಧ್ಯಾಯವನ್ನಾದರೂ ಓದಿ.