ಗೆರೆ ಎಳೆಯುವವರಿಗೆ ಆಳಂದದ ದಾರಿ ಗೊತ್ತೇ?

ಆಳಂದದಿಂದ ಕಲಬುರಗಿಗೆ ನಲವತ್ತು ಕಿಲೋಮೀಟರ್ ಆಸುಪಾಸು. ಬೀದರಿಗೆ ನೂರಕ್ಕೂ ಹೆಚ್ಚು. ಲಾಡ್ಲೆ ಮಶಾಯಕರ ದರ್ಗಾದ ಈ ಊರಿನವರಿಗೆ ಜಿಲ್ಲಾ ಕಚೇರಿ, ಜಿಲ್ಲಾ ಕೋರ್ಟು, ದೊಡ್ಡಾಸ್ಪತ್ರೆ ಎಲ್ಲವೂ ಕಲಬುರಗಿಯೇ. ಆದರೆ ಅವರ ಲೋಕಸಭಾ ಕ್ಷೇತ್ರ ಮಾತ್ರ ಬೀದರ್! ನೆರೆಯ ಅಫಜಲಪುರ, ಭೀಮೆಯಾಚೆಯ ಜೇವರ್ಗಿ ಕಲಬುರಗಿ ಲೋಕಸಭಾ ಕ್ಷೇತ್ರದಲ್ಲಿವೆ. ಒಂದೇ ಜಿಲ್ಲೆ, ಆದರೆ ಅಹವಾಲು ಹೇಳಿಕೊಳ್ಳುವ ಬಾಗಿಲು ಎರಡು.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗದ ಕ್ಷೇತ್ರ ಪುನರ್ವಿಂಗಡಣೆ 2008ರಲ್ಲಿ ಜಾರಿಗೆ ಬಂತು. ಲೆಕ್ಕದಲ್ಲಿ ಅದನ್ನು ತಪ್ಪೆನ್ನಲಾಗದು. 2001ರ ಜನಗಣತಿಯಂತೆ ರಾಜ್ಯದ 5.28 ಕೋಟಿ ಜನರಿಗೆ 224 ಸ್ಥಾನ, ಅಂದರೆ ಸರಾಸರಿ 2.36 ಲಕ್ಷಕ್ಕೊಬ್ಬ ಶಾಸಕ. ಯಾದಗಿರಿಯೂ ಸೇರಿದ್ದ ಅಂದಿನ ಗುಲ್ಬರ್ಗ ಜಿಲ್ಲೆಯ 31.30 ಲಕ್ಷ ಜನರಿಗೆ 13 ಸ್ಥಾನ, ಸರಾಸರಿ 2.41 ಲಕ್ಷ. ಆದರೆ ಕಾಯಿದೆ ತಲೆ ಎಣಿಸಿ ಸುಮ್ಮನಾಗಿರಿ ಎನ್ನುವುದಿಲ್ಲ. ಆಡಳಿತದ ಗಡಿ, ಸಂಪರ್ಕ ಸೌಕರ್ಯ, ಜನರ ಅನುಕೂಲಗಳನ್ನೂ ನೋಡಬೇಕೆನ್ನುತ್ತದೆ. ಈ ಎರಡನೆಯ ಪರೀಕ್ಷೆಯಲ್ಲಿ ಆ ಆದೇಶ ತೇರ್ಗಡೆಯಾಗಿಲ್ಲವೆಂಬುದು ನಮ್ಮ ಅಭಿಪ್ರಾಯ.

ಗೆರೆಯ ಬೆಲೆ ಎಷ್ಟೆಂದು ತಿಳಿಯಲು ಜೇವರ್ಗಿಯನ್ನು ನೋಡಿ. ಹೊಸ ಗಡಿಗಳ ಮೊದಲ ಚುನಾವಣೆಯಲ್ಲಿ, 2008ರಲ್ಲಿ, ಮಾಜಿ ಮುಖ್ಯಮಂತ್ರಿ ಧರಂ ಸಿಂಗ್ ಅಲ್ಲಿ ಸೋತದ್ದು ಕೇವಲ 70 ಮತಗಳಿಂದ. ಗಡಿಯಿಂದಲೇ ಸೋತರೆಂದು ನಾವು ಹೇಳುತ್ತಿಲ್ಲ. ಆದರೆ 70 ಮತವೆಂದರೆ ಒಂದು ಓಣಿ. ಇಂಥ ಕಡೆ ಒಂದು ಹಳ್ಳಿ ಗೆರೆಯ ಆಚೆಗೋ ಈಚೆಗೋ ಎಂಬುದು ಸಣ್ಣ ಸಂಗತಿಯೇ?

ಮುಸ್ಲಿಮರ ಮಾತಿಗೆ ಬರೋಣ. ಈ ಗೆರೆಗಳೆಲ್ಲ ನಮ್ಮ ವಿರುದ್ಧವೇ ಎಳೆದವು ಎನ್ನುವುದು ಸುಲಭ, ಆದರೆ ಸತ್ಯವಲ್ಲ. ಕಲಬುರಗಿ ನಗರ ಉತ್ತರ, ದಕ್ಷಿಣ ಎಂದು ಎರಡಾದಾಗ, 2004ರಲ್ಲಿ ಸೋತಿದ್ದ ಖಮರುಲ್ ಇಸ್ಲಾಂ 2008ರಲ್ಲಿ ಉತ್ತರದಿಂದ ಗೆದ್ದರು. ಜಿಲ್ಲೆಯಲ್ಲಿ ಐದನೇ ಒಂದರಷ್ಟಿರುವ ಸಮುದಾಯಕ್ಕೆ ಆ ಒಂದು ಸ್ಥಾನದಿಂದ ಸಮಾಧಾನವಾಯಿತು. ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಅಲ್ಲಿಂದೀಚೆಗಿನ ನಾಲ್ಕು ವಿಧಾನಸಭಾ ಚುನಾವಣೆಗಳಲ್ಲಿ ಮುಸ್ಲಿಮರಾರೂ ಗೆದ್ದಿಲ್ಲ. ಗೆಲ್ಲಲೇಬೇಕೆಂದೂ ನಾವು ಹೇಳುವುದಿಲ್ಲ, ಶಾಸಕನ ಧರ್ಮಕ್ಕಿಂತ ಅವನ ಬಾಗಿಲು ತೆರೆದಿರುವುದು ಮುಖ್ಯ. ಆದರೆ ಮುಸ್ಲಿಮರು ಹೆಚ್ಚಿರುವ ಕ್ಷೇತ್ರಗಳನ್ನು ಮೀಸಲಿಟ್ಟು, ದಲಿತರು ಅದಕ್ಕಿಂತ ಹೆಚ್ಚಿರುವ ಕ್ಷೇತ್ರಗಳನ್ನು ಬಿಟ್ಟ ಉದಾಹರಣೆಗಳನ್ನು ಸಾಚಾರ್ ಸಮಿತಿ 2006ರಲ್ಲೇ ಎತ್ತಿ ತೋರಿಸಿತ್ತು. ಅದು ದಲಿತರ ಮೀಸಲಾತಿಯ ವಿರುದ್ಧದ ಮಾತಲ್ಲ. ಹಾಗೆ ಮಾಡಿದರೆ ದಲಿತರಿಗೂ ನಷ್ಟವೇ.

ನಮ್ಮ ದೊಡ್ಡ ಆಕ್ಷೇಪ ಬೇರೆ. 2002ರ ಕಾಯಿದೆಯಲ್ಲಿ ಪ್ರತಿ ರಾಜ್ಯದಿಂದ ಆಯೋಗದ ಜೊತೆ ಕೂರುವವರು ಐವರು ಸಂಸದರು, ಐವರು ಶಾಸಕರು. ಅವರಿಗೆ ಮತದ ಹಕ್ಕಿಲ್ಲ, ನಿಜ. ಆದರೂ ನಕ್ಷೆಯನ್ನು ಹತ್ತಿರದಿಂದ ನೋಡುವವರು, ಅದೇ ನಕ್ಷೆಯಲ್ಲಿ ಸ್ವಂತ ಕುರ್ಚಿ ಇರುವವರು! ಜನಸಾಮಾನ್ಯರಿಗೆ ಉಳಿಯುವುದು ಕರಡಿನ ಮೇಲೆ ಆಕ್ಷೇಪಣೆ, ಎಲ್ಲೋ ಒಂದು ಬಹಿರಂಗ ಸಭೆ. ಅಂತಿಮ ಆದೇಶ ಬಂದಮೇಲೆ ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲವೆಂದು ಕಾಯಿದೆಯೇ ಹೇಳಿತು. ತೀರಾ ಮನಸೋಇಚ್ಛೆಯ ಆದೇಶವಾದರೆ ನ್ಯಾಯಾಲಯ ಪರಿಶೀಲಿಸಬಹುದೆಂದು ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದ್ದು ಸಣ್ಣ ಆಸರೆ.

ಆಳಂದವನ್ನೇ ನೋಡಿ. 2023ರ ಚುನಾವಣೆಗೆ ಮುಂಚೆ ಅಲ್ಲಿ ಮತದಾರರ ಹೆಸರು ಅಳಿಸಲು 6,018 ಅರ್ಜಿಗಳು ಬಂದವು. ತನಿಖೆಯಾದಾಗ ಸರಿಯಿದ್ದದ್ದು 24. ಹೆಸರು ಅಳಿಸಲು ಹೊರಟರೆ ಮನೆಬಾಗಿಲಲ್ಲಿ ವಿಚಾರಿಸಬಹುದು, ದೂರು ಕೊಡಬಹುದು, ಅಲ್ಲಿ ಹಾಗೇ ಆಯಿತು. ಗೆರೆ ಸರಿದರೆ ಯಾರ ಹೆಸರೂ ಅಳಿಯುವುದಿಲ್ಲ, ಹೀಗಾಗಿ ಯಾರೂ ದೂರು ಕೊಡುವುದಿಲ್ಲ.

ಸ್ಥಾನಗಳ ಮರುಹಂಚಿಕೆಯನ್ನು 2001ರ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಗೆ ಮುಂದೂಡಿತ್ತು. ದಕ್ಷಿಣದ ರಾಜ್ಯಗಳಿಗೆ ದೆಹಲಿಯಲ್ಲಿ ಎಷ್ಟು ಸ್ಥಾನವೆಂದು ನಮ್ಮ ನಾಯಕರು ಗದ್ದಲ ಮಾಡುತ್ತಿದ್ದಾರೆ, ಮಾಡಲಿ. ಆದರೆ ಹಿಂದಿನ ಸಲ ಬೆಂಗಳೂರು 16ರಿಂದ 28 ಸ್ಥಾನಕ್ಕೆ ಬೆಳೆದದ್ದು ಇದೇ 224ರೊಳಗೆ. ಮುಂದಿನ ಕರಡು ಬಂದಾಗ ಅದರ ನಕ್ಷೆ ಕನ್ನಡದಲ್ಲೂ ಉರ್ದುವಿನಲ್ಲೂ ಆಳಂದ, ಅಫಜಲಪುರ, ಜೇವರ್ಗಿಯ ಪ್ರತಿ ಪಂಚಾಯಿತಿ ಕಚೇರಿಯ ಗೋಡೆಗೆ ಬರಬೇಕು, ವಿಚಾರಣೆ ತಾಲ್ಲೂಕು ಕೇಂದ್ರದಲ್ಲೇ ನಡೆಯಬೇಕು. ಇದನ್ನು ಕೇಳಬೇಕಾದ್ದು ಕರಡು ಅಚ್ಚಾಗುವ ಮೊದಲೇ.